ಕಡಲ ಹಕ್ಕಿಯ ಹೊಟ್ಟೆಯ ಪಾಲುಗಾರರು

ಉಂಡದ್ದೆಲ್ಲವೂ ಉಂಡವನಿಗೇ ದಕ್ಕುವುದಿಲ್ಲವೆಂಬುದು ಹಳ್ಳಿಯಲ್ಲಿ ದನಕುರಿಗಳನ್ನು ಸಾಕಿದವರಿಗೆ ಹೊಸ ಸಂಗತಿಯೇನಲ್ಲ. ಮೇವಿಗೆ ಕೊರತೆಯಿಲ್ಲದಿದ್ದರೂ ಮೈಹತ್ತದ ಕರು, ದಿನವೆಲ್ಲ ಮೇದು ಬಂದರೂ ಪಕ್ಕೆಲುಬು ಎಣಿಸುವಂತಿರುವ ಕುರಿ ಯಾವ ಊರಿನಲ್ಲಿಲ್ಲ? ಅದರ ಹೊಟ್ಟೆಯಲ್ಲಿ ಬೇರೆ ಯಾರೋ ಪಾಲು ಕೇಳುತ್ತಿದ್ದಾರೆಂದು ನಮ್ಮ ಹಿರಿಯರು ಒಡನೆ ಹೇಳಿಬಿಡುತ್ತಾರೆ. ಇದೇ ಪಾಲುಗಾರಿಕೆ ಮನುಷ್ಯನ ಕೈ ತಾಕದ ಕಡಲ ಹಕ್ಕಿಗಳಲ್ಲಿಯೂ ನಡೆಯುತ್ತದೆ. ಅದನ್ನು ಅಳೆದು ನೋಡಲು ವಿಜ್ಞಾನಿಗಳು ಪಟ್ಟ ಪಾಡು ಬಹು ಸ್ವಾರಸ್ಯವಾದುದು. ಅದನ್ನೇ ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇನೆ.

ಅರ್ಥಶಾಸ್ತ್ರವನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಹಕ್ಕಿಯ ಕರುಳಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಜೀರ್ಣಕ್ರಿಯೆಯೂ ಒಂದು ಆಯವ್ಯಯದ ಲೆಕ್ಕವೇ ಎಂಬುದು ನನ್ನ ಉತ್ತರ. ಮೀನಿನ ರೂಪದಲ್ಲಿ ಆದಾಯ ಒಳಗೆ ಬರುತ್ತದೆ. ಹಾರಾಟ, ಮುಳುಗಾಟ, ಮೈಶಾಖ, ಮರಿಗಳ ಪೋಷಣೆ ಇವೆಲ್ಲ ವೆಚ್ಚ. ನಡುವೆ ಕುಳಿತು ಸುಂಕ ವಸೂಲು ಮಾಡುವ ಜಂತುಹುಳುಗಳು ಎಷ್ಟು ಎತ್ತುತ್ತವೆ, ಆ ನಷ್ಟ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ನಮ್ಮ ಶಾಸ್ತ್ರದವರೂ ಕೇಳತಕ್ಕ ಪ್ರಶ್ನೆಯೇ ಸರಿ.

ಮೊದಲು ಹಕ್ಕಿ ನುಂಗಿದ ಮೀನಿನ ದಾರಿಯನ್ನು ಹಿಡಿಯೋಣ. ಹಕ್ಕಿಗೆ ಹಲ್ಲಿಲ್ಲ. ಮೀನು ಇಡಿಯಾಗಿ ಅನ್ನನಾಳಕ್ಕೆ ಇಳಿಯುತ್ತದೆ. ಹಕ್ಕಿಗಳ ಹೊಟ್ಟೆಯಲ್ಲಿ ಎರಡು ಕೋಣೆಗಳುಂಟು. ಮೊದಲನೆಯದು ರಸ ಸುರಿಸುವ ಜಠರ. ಅದರ ಗೋಡೆಯ ಗ್ರಂಥಿಗಳಿಂದ ಆಮ್ಲವೂ ಪೆಪ್ಸಿನ್ ಎಂಬ ಪಾಚಕ ವಸ್ತುವೂ ಒಸರಿ ಮೀನಿನ ಮಾಂಸವನ್ನು ಕರಗಿಸುತ್ತವೆ. ಎರಡನೆಯದು ಅರೆಯುವ ಹೊಟ್ಟೆ. ಕೋಳಿಯನ್ನು ಕೊಯ್ದವರು ನೋಡಿರುವ, ಒಳಗೆ ಹರಳುಕಲ್ಲುಗಳಿರುವ ಗಟ್ಟಿ ಮಾಂಸದ ಚೀಲವೇ ಇದು. ಕಾಳು ತಿನ್ನುವ ಹಕ್ಕಿಗೆ ಇದು ಬೀಸುವ ಕಲ್ಲಿನಂತೆ. ಮೀನು ತಿನ್ನುವ ಹಕ್ಕಿಗೆ ಅಷ್ಟು ಬಲವಾದ ಕಲ್ಲು ಬೇಕಾಗುವುದಿಲ್ಲವಾದ್ದರಿಂದ ಅವುಗಳಲ್ಲಿ ಈ ಚೀಲ ತೆಳುವಾಗಿದೆ. ಆದರೆ ಈಡರ್ ಎಂಬ ಉತ್ತರದ ಕಡಲಬಾತು ಕಪ್ಪೆಚಿಪ್ಪನ್ನು ಚಿಪ್ಪಿನ ಸಮೇತ ನುಂಗಿ, ಹೊಟ್ಟೆಯಲ್ಲಿಯೇ ಅದನ್ನು ಪುಡಿ ಮಾಡುತ್ತದೆ! ಅದರ ಹೊಟ್ಟೆಯ ಬಲವನ್ನು ಊಹಿಸಿಕೊಳ್ಳಬಹುದು.

ಅಲ್ಲಿಂದ ಮುಂದೆ ಸಣ್ಣ ಕರುಳು. ಪಿತ್ತರಸವೂ ಮೇದೋಜೀರಕ ರಸವೂ ಇಲ್ಲಿ ಬಂದು ಕೂಡಿ, ಕೊಬ್ಬು ಮತ್ತು ಸಸಾರಜನಕಗಳನ್ನು ಇನ್ನೂ ಸಣ್ಣ ಕಣಗಳಾಗಿ ಒಡೆಯುತ್ತವೆ. ಕರುಳಿನ ಒಳಗೋಡೆ ನುಣುಪಾಗಿಲ್ಲ. ಮಖಮಲ್ಲಿನ ಬಟ್ಟೆಯ ಹಾಗೆ ಲೆಕ್ಕವಿಲ್ಲದಷ್ಟು ಕಿರುಚಾಚುಗಳು ಅದರಲ್ಲಿ ಎದ್ದು ನಿಂತಿರುತ್ತವೆ. ಒಡೆದ ಆಹಾರವನ್ನು ಹೀರಿ ರಕ್ತಕ್ಕೆ ಸೇರಿಸುವ ಕೆಲಸ ಈ ಚಾಚುಗಳದು. ಹೊಲ ದೊಡ್ಡದಾದಷ್ಟೂ ಬೆಳೆ ಹೆಚ್ಚು ಎಂಬಂತೆ, ಚಾಚುಗಳು ಎತ್ತರವಾಗಿ ಒತ್ತಾಗಿ ಇದ್ದಷ್ಟೂ ಹೀರಿಕೆ ಹೆಚ್ಚು. ಹಾರುವ ಪ್ರಾಣಿ ಉದ್ದನೆಯ ಕರುಳಿನ ಭಾರವನ್ನು ಹೊತ್ತು ತಿರುಗಲಾರದು. ಆದುದರಿಂದ ಇರುವಷ್ಟು ಕರುಳಿನಲ್ಲೇ ಕೆಲಸ ಬೇಗನೆ ಮುಗಿಯಬೇಕು. ಈ ಅವಸರದ ಕಾರ್ಖಾನೆಯಲ್ಲಿ ಅಡ್ಡಗಾಲು ಹಾಕುವವನ ಹಾನಿ ಹೆಚ್ಚು.

ಇನ್ನು ಪಾಲುಗಾರರ ಪರಿಚಯ. ಸ್ಥೂಲವಾಗಿ ಅವರು ನಾಲ್ಕು ಕುಲದವರು: ದುಂಡುಹುಳು, ಲಾಡಿಹುಳು, ಚಪ್ಪಟೆಹುಳು ಮತ್ತು ಮುಳ್ಳುತಲೆಯ ಹುಳು. ನಾಲ್ವರ ಕಸುಬೂ ಒಂದೇ ಬಗೆಯದಲ್ಲ.

ಲಾಡಿಹುಳುವಿಗೆ ಬಾಯಿಯಿಲ್ಲ, ಹೊಟ್ಟೆಯೂ ಇಲ್ಲ. ಕಡಲ ಹಕ್ಕಿಗಳಲ್ಲಿ ವಿಶೇಷವಾಗಿ ಕಾಣುವ ಟೆಟ್ರಾಬೋತ್ರಿಯಸ್ ಎಂಬ ಲಾಡಿಹುಳು ತನ್ನ ತಲೆಯ ನಾಲ್ಕು ಹೀರುಬಟ್ಟಲುಗಳಿಂದ ಕರುಳಿನ ಗೋಡೆಯನ್ನು ಕಚ್ಚಿ ನಿಲ್ಲುತ್ತದೆ; ಆಹಾರವನ್ನು ಮೈಚರ್ಮದಿಂದಲೇ ಹೀರುತ್ತದೆ. ಸೋಜಿಗವೆಂದರೆ ಅದರ ಚರ್ಮದ ಮೇಲೂ, ಕರುಳಿನ ಗೋಡೆಯಲ್ಲಿರುವಂತೆಯೇ, ಕಣ್ಣಿಗೆ ಕಾಣದಷ್ಟು ಸಣ್ಣ ಚಾಚುಗಳಿರುತ್ತವೆ. ಒಂದು ಕರುಳಿನೊಳಗೆ ಇನ್ನೊಂದು ಕರುಳನ್ನು ತಿರುವುಹಾಕಿ ಇಟ್ಟ ಹಾಗೆ! ಹಕ್ಕಿ ಪಾಚಕರಸವನ್ನು ವ್ಯಯಿಸಿ, ಮೀನನ್ನು ಒಡೆದು ಅಣಿಮಾಡಿದ ಮೇಲೆ ಇದು ಕೈಚಾಚುತ್ತದೆ. ಅಡಿಗೆಯ ಶ್ರಮ ಒಬ್ಬರದು, ಎಲೆಯ ಮುಂದೆ ಕೂರುವವರು ಇಬ್ಬರು.

ಮುಳ್ಳುತಲೆಯ ಹುಳುವಿಗೂ ಬಾಯಿಯಿಲ್ಲ. ಅದು ಕೊಕ್ಕೆಗಳುಳ್ಳ ಮೂತಿಯನ್ನು ಕರುಳಿನ ಗೋಡೆಯೊಳಕ್ಕೆ ನಾಟಿಬಿಡುತ್ತದೆ. ನಾಟಿದ ಕಡೆ ಗಾಯವಾಗಿ, ಸುತ್ತ ಗಂಟು ಬೆಳೆದು, ಅಷ್ಟು ಜಾಗದಲ್ಲಿ ಹೀರಿಕೆಯ ಕೆಲಸ ನಿಂತುಹೋಗುತ್ತದೆ. ಚಪ್ಪಟೆಹುಳುಗಳು ಗಾತ್ರದಲ್ಲಿ ಬಹಳ ಚಿಕ್ಕವು. ಆದರೆ ಸಾವಿರಗಟ್ಟಲೆ ಸೇರಿ ಕಿರುಚಾಚುಗಳ ನಡುವೆ ಬೀಡುಬಿಡುತ್ತವೆ. ಸೋಂಕು ಬಲವಾದಾಗ ಚಾಚುಗಳು ಮೊಂಡಾಗುತ್ತವೆ, ಗೋಡೆ ಊದಿಕೊಂಡು ಲೋಳೆ ಸುರಿಸುತ್ತದೆ, ಆಹಾರ ಪೂರ್ತಿ ಹೀರಿಕೆಯಾಗದೆ ಮುಂದಕ್ಕೆ ಜಾರುತ್ತದೆ. ಇಲ್ಲಿ ಹುಳು ತಾನು ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ತೋಟಕ್ಕೆ ನುಗ್ಗಿದ ಮಂಗ ತಿನ್ನುವುದು ಎರಡು ಹಣ್ಣು, ಮುರಿಯುವುದು ಹತ್ತು ಕೊಂಬೆ.

ಮೀನನ್ನೇ ಕರಗಿಸುವ ಜಠರ ಈ ಹುಳುಗಳನ್ನು ಏಕೆ ಕರಗಿಸುವುದಿಲ್ಲ? ನನಗೂ ಮೊದಲು ಹುಟ್ಟಿದ ಸಂಶಯ ಇದೇ. ದುಂಡುಹುಳುವಿಗೆ ಗಟ್ಟಿಯಾದ ಹೊರಪೊರೆಯುಂಟು. ಅಷ್ಟೇ ಅಲ್ಲದೆ, ಮನುಷ್ಯ ಮತ್ತು ಹಂದಿಗಳ ಕರುಳಿನಲ್ಲಿರುವ ಆಸ್ಕರಿಸ್ ಎಂಬ ದುಂಡುಹುಳು ಪಾಚಕ ವಸ್ತುಗಳನ್ನು ನಿಷ್ಕ್ರಿಯಗೊಳಿಸುವ ಪದಾರ್ಥಗಳನ್ನು ತಾನೇ ತಯಾರಿಸಿಕೊಳ್ಳುತ್ತದೆಂದು ಕಂಡುಬಂದಿದೆ. ಬೆಂಕಿಯ ಮನೆಯಲ್ಲಿ ವಾಸಿಸುವವನು ಒದ್ದೆ ಕಂಬಳಿ ಹೊದ್ದುಕೊಂಡೇ ಇರುತ್ತಾನೆ.

ಇವೆಲ್ಲ ಹಕ್ಕಿಯ ಹೊಟ್ಟೆಯನ್ನು ಸೇರುವ ದಾರಿಯೂ ಆಹಾರದ ದಾರಿಯೇ. ಉತ್ತರ ಅಟ್ಲಾಂಟಿಕ್ ತೀರದ ಗಲ್ ಹಕ್ಕಿಗಳ ಕರುಳಿನಲ್ಲಿರುವ ಕ್ರಿಪ್ಟೋಕೋಟೈಲ್ ಲಿಂಗ್ವಾ ಎಂಬ ಚಪ್ಪಟೆಹುಳುವಿನ ಜೀವನಚಕ್ರವನ್ನು ಹೊರೇಸ್ ಸ್ಟಂಕಾರ್ಡ್ ಎಂಬ ವಿಜ್ಞಾನಿ 1930ರಲ್ಲಿ ವಿವರಿಸಿದರು. ಹಕ್ಕಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ದಡದ ಬಂಡೆಗಳಿಗೆ ಬೀಳುತ್ತವೆ. ಅಲ್ಲಿ ಹರಿದಾಡುವ ಕಡಲ ಬಸವನಹುಳು ಅವನ್ನು ತಿನ್ನುತ್ತದೆ. ಅದರೊಳಗೆ ಒಂದು ಹಲವಾಗಿ ಬೆಳೆದ ಮರಿಗಳು ನೀರಿಗೆ ಹೊರಟು, ಈಜಿ, ಮೀನಿನ ಚರ್ಮವನ್ನು ಹೊಕ್ಕು ಕುಳಿತುಬಿಡುತ್ತವೆ. ಮೀನಿನ ಮೈಮೇಲೆ ಕರಿಯ ಚುಕ್ಕೆಗಳು ಏಳುತ್ತವೆ. ಆ ಮೀನನ್ನು ಗಲ್ ನುಂಗಿದರೆ ಚಕ್ರ ಪೂರ್ಣವಾಯಿತು. ಇಂಥದೊಂದು ಬಸವನಹುಳುವನ್ನು ಹೊಸ ಸೋಂಕು ತಗಲದಂತೆ ಪ್ರಯೋಗಾಲಯದಲ್ಲಿ ಬೇರೆಯಾಗಿಟ್ಟು ನೋಡಿದ ಮಿರಿಯಮ್ ರಾಥ್ಸ್‌ಚೈಲ್ಡ್ ಎಂಬ ಆಂಗ್ಲ ವಿದುಷಿ, ಅದು ವರ್ಷಗಟ್ಟಲೆ ಮರಿಗಳನ್ನು ಹೊರಬಿಡುತ್ತಲೇ ಇದ್ದುದನ್ನು ಕಂಡರು.

ಎಲ್ಲ ಅತಿಥಿಗಳೂ ಕೆಟ್ಟವರೆನ್ನುವಂತಿಲ್ಲ. ಷಿಸ್ಟೋಸೆಫಾಲಸ್ ಎಂಬ ಲಾಡಿಹುಳುವಿನ ಮರಿ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿನ ಒಡಲಲ್ಲಿ ಬೆಳೆದು, ಮೀನಿನ ಅರ್ಧ ತೂಕದಷ್ಟಾಗುವುದೂ ಉಂಟು. ಮೀನಿನ ಬಾಳು ಅದರಿಂದ ಹಾಳಾಗುತ್ತದೆ. ಆದರೆ ಆ ಮೀನನ್ನು ಹಕ್ಕಿ ನುಂಗಿದಾಗ, ಹುಳು ಹಕ್ಕಿಯ ಕರುಳಿನ ಶಾಖಕ್ಕೆ ಎರಡು ದಿನಗಳಲ್ಲೇ ಬಲಿತು, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸತ್ತುಹೋಗುತ್ತದೆ. 1946ರಲ್ಲಿ ಜೆ. ಡಿ. ಸ್ಮಿತ್ ಎಂಬ ಪ್ರಾಣಿವಿಜ್ಞಾನಿ ಇಂಥ ಮರಿಹುಳುವನ್ನು ಮೀನಿನಿಂದ ತೆಗೆದು, ಹಕ್ಕಿಯೇ ಇಲ್ಲದೆ, ನಲವತ್ತು ಡಿಗ್ರಿ ಶಾಖದ ದ್ರವದಲ್ಲಿಟ್ಟು ಬಲಿಯುವಂತೆ ಮಾಡಿದರು. ಅದಕ್ಕೆ ಹಕ್ಕಿಯಿಂದ ಮುಖ್ಯವಾಗಿ ಬೇಕಾದದ್ದು ಅನ್ನವಲ್ಲ, ಬೆಚ್ಚನೆಯ ಜಾಗ ಎಂದು ಇದರಿಂದ ತಿಳಿಯುತ್ತದೆ. ಮೀನಿನಲ್ಲಿ ಕೂಡಿಟ್ಟ ಬಂಡವಾಳವನ್ನು ತಂದು ಹಕ್ಕಿಯ ಮನೆಯಲ್ಲಿ ಖರ್ಚು ಮಾಡುವ ಇದನ್ನು, ಬುತ್ತಿ ಕಟ್ಟಿಕೊಂಡು ಬಂದ ನೆಂಟನೆನ್ನಬೇಕು. ಆದುದರಿಂದ ಹಕ್ಕಿಯ ಹೊಟ್ಟೆಯಲ್ಲಿ ಹುಳುವಿದೆ ಎಂದಷ್ಟಕ್ಕೇ ಇಷ್ಟು ನಷ್ಟವಾಯಿತೆಂದು ತೀರ್ಪು ಕೊಡುವುದು ಸಲ್ಲದು. ಯಾವ ಹುಳು, ಎಷ್ಟು, ಎಲ್ಲಿ, ಯಾವ ಕಾಲದಲ್ಲಿ ಎಂದು ಕೇಳಬೇಕು.

ಹೀಗೆ ಕೇಳದೆ ತೀರ್ಪು ಕೊಟ್ಟರೆ ಏನಾಗಬಹುದೆಂಬುದಕ್ಕೆ ಈಡರ್ ಬಾತುಗಳ ಪ್ರಕರಣವೇ ಸಾಕು. 1999-2000ರ ಚಳಿಗಾಲದಲ್ಲಿ ಹಾಲೆಂಡಿನ ವಾಡನ್ ಕಡಲಿನಲ್ಲಿ ಸುಮಾರು 21,000 ಈಡರ್ ಬಾತುಗಳು ಸತ್ತವು. ಸತ್ತ ಹಕ್ಕಿಗಳನ್ನು ಸೀಳಿ ನೋಡಿದರೆ ಕರುಳಿನಲ್ಲಿ ಮುಳ್ಳುತಲೆಯ ಹುಳುಗಳು! ಕೊಲೆಗಾರ ಸ್ಥಳದಲ್ಲೇ ಸಿಕ್ಕಿಬಿದ್ದಂತಾಯಿತು. ಆದರೆ ಅದೇ ಕಡಲಿನಲ್ಲಿ ಈ ಬಾತುಗಳ ಮುಖ್ಯ ಆಹಾರವಾದ ಕಪ್ಪೆಚಿಪ್ಪುಗಳನ್ನು ಮನುಷ್ಯರೂ ವ್ಯಾಪಾರಕ್ಕಾಗಿ ತೆಗೆಯುತ್ತಿದ್ದರು. ಆಗ ಅವುಗಳ ದಾಸ್ತಾನು ಬಹಳ ಇಳಿದಿತ್ತು. ಚಿಪ್ಪು ಸಿಗದ ಬಾತು ಏಡಿಯನ್ನು ತಿನ್ನುತ್ತದೆ. ಮುಳ್ಳುತಲೆಯ ಹುಳುವಿನ ಮರಿ ಇರುವುದು ಆ ಏಡಿಯಲ್ಲಿಯೇ. ಅಂದರೆ ಹುಳು ಹೆಚ್ಚಾದುದರಿಂದ ಹಸಿವೋ, ಹಸಿವಿನಿಂದ ಹುಳುವೋ? ಈ ಪ್ರಶ್ನೆ ಕೇವಲ ಪಂಡಿತರ ವಾದವಲ್ಲ. ತಪ್ಪು ಹುಳುವಿನದಾದರೆ ಚಿಪ್ಪಿನ ವ್ಯಾಪಾರಕ್ಕೆ ತೊಂದರೆಯಿಲ್ಲ. ತಪ್ಪು ಹಸಿವಿನದಾದರೆ ವ್ಯಾಪಾರ ಉತ್ತರ ಹೇಳಬೇಕಾಗುತ್ತದೆ.

ಈ ತೊಡಕನ್ನು ಬಿಡಿಸಲು ಒಂದು ದುರ್ಘಟನೆ ನೆರವಾಯಿತು. 1998ರಲ್ಲಿ ಜರ್ಮನಿಯ ಆಮ್ರುಮ್ ದ್ವೀಪದ ಬಳಿ ಪಲ್ಲಾಸ್ ಎಂಬ ಹಡಗು ನೆಲಹತ್ತಿ, ಎಣ್ಣೆ ಸೋರಿ ಅನೇಕ ಈಡರ್‌ಗಳು ಸತ್ತಿದ್ದವು. ಇವು ಹಸಿದು ಸತ್ತವಲ್ಲ. ಆರೋಗ್ಯವಾಗಿದ್ದಾಗಲೇ ಎಣ್ಣೆಗೆ ಸಿಕ್ಕಿ ಸತ್ತವು. ಅವುಗಳ ಕರುಳನ್ನು ಪರೀಕ್ಷಿಸಿದಾಗ ಅಲ್ಲಿಯೂ ಮುಳ್ಳುತಲೆಯ ಹುಳುಗಳು ಹೇರಳವಾಗಿಯೇ ಇದ್ದವೆಂದು 2006ರಲ್ಲಿ ಪ್ರಕಟವಾಯಿತು. ಗಟ್ಟಿಮುಟ್ಟಾದ ಹಕ್ಕಿಯೂ ಇಷ್ಟು ಹುಳುಗಳನ್ನು ಹೊತ್ತು ಬಾಳಬಲ್ಲುದಾದರೆ, ಸತ್ತ ಹಕ್ಕಿಯಲ್ಲಿ ಹುಳು ಕಂಡಿತೆಂಬುದು ಸಾಕ್ಷ್ಯವಾಗಲಾರದು. ಹಾಲೆಂಡಿನ ಸಾವುಗಳಿಗೆ ಮೂಲ ಕಾರಣ ಉಪವಾಸವೆಂದು ಅಲ್ಲಿನ ಪಕ್ಷಿವಿಜ್ಞಾನಿಗಳು 2002ರಷ್ಟರಲ್ಲೇ ನಿರ್ಣಯಿಸಿದ್ದರು. ಅವರ ಪಕ್ಷವೇ ಸರಿಯೆಂದು ನನಗೆ ತೋರುತ್ತದೆ. ಸೂರೆಹೋದ ಕಣಜದ ಮುಂದೆ ಇಲಿಯನ್ನು ಹಿಡಿದು ನಿಲ್ಲಿಸುವುದು ಸುಲಭವಾದ ನ್ಯಾಯ.

ಇಷ್ಟಾದರೂ ಇಲಿ ನಿರಪರಾಧಿಯಲ್ಲ. ನಮ್ಮ ತಂದೆಯವರು ಓದು ಬರಹ ಕಲಿತವರಲ್ಲ. ಕುರಿ ಕಾದು ನನ್ನನ್ನು ಕಾಲೇಜಿಗೆ ಕಳಿಸಿದವರು. ಹುಳುವಿನ ವಿಷಯದಲ್ಲಿ ಅವರ ಮಾತು ಇದು: "ಮೇವಿರೋ ತನಕ ಹುಳ ಗೊತ್ತಾಗಲ್ಲ ಮಗ, ಮೇವು ತೀರಿದ ತಿಂಗಳು ಹುಳ ಮಾತಾಡ್ತದೆ." ಔಷಧಿ ಕುಡಿಸುವಾಗ ಅವರು ಮೊದಲು ಹಿಡಿಯುವುದು ಹಾಲೂಡುವ ತಾಯಿಕುರಿಯನ್ನು. ನಮ್ಮ ಪೀಳಿಗೆಯ ವಿದ್ಯಾರ್ಥಿಗಳು 2015ರಿಂದ ಈಚೆಗೆ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನದಂದು ಶಾಲೆಯ ಸಾಲಿನಲ್ಲಿ ನಿಂತು ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿದವರೇ. ಆದರೆ ಹುಳು ಮಾತಾಡುವ ತಿಂಗಳು ಯಾವುದು ಎಂದು ನಮಗಾರೂ ಅಲ್ಲಿ ಹೇಳಲಿಲ್ಲ. ತಂದೆಯವರ ಈ ಸೂತ್ರವನ್ನು ಕಡಲ ಹಕ್ಕಿಯ ಮೇಲೆ ಪರೀಕ್ಷಿಸಿ ನೋಡಿದವರೋ ಎಂಬಂತೆ ಸ್ಕಾಟ್ಲೆಂಡಿನಲ್ಲಿ ಒಂದು ತಂಡ ಕೆಲಸ ಮಾಡಿದೆ. ನಾನು ಈ ವಿಷಯವನ್ನು ಆರಿಸಿಕೊಂಡದ್ದೇ ಅದಕ್ಕಾಗಿ.

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ, ಫೋರ್ತ್ ನದಿಯ ಅಳಿವೆಯ ಬಾಯಲ್ಲಿ ಐಲ್ ಆಫ್ ಮೇ ಎಂಬ ಪುಟ್ಟ ದ್ವೀಪವಿದೆ. ಷ್ಯಾಗ್ ಎಂಬ ಕಡಲ ಹಕ್ಕಿ ಅಲ್ಲಿಯ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. ನಮ್ಮ ಕೆರೆಗಳಲ್ಲಿ ಮೀನಿಗಾಗಿ ಮುಳುಗಿ, ಎದ್ದ ಮೇಲೆ ಮರದ ಬೊಡ್ಡೆಯ ಮೇಲೆ ರೆಕ್ಕೆ ಹರವಿ ಕೂರುವ ನೀರುಕಾಗೆಯ ಹತ್ತಿರದ ನೆಂಟನೇ ಅದು. ಅದರ ಮುಖ್ಯ ಆಹಾರಗಳಲ್ಲೊಂದು ಮರಳಿನಲ್ಲಿ ಹುದುಗುವ ಸ್ಯಾಂಡ್ ಈಲ್ ಎಂಬ ತೆಳ್ಳನೆಯ ಮೀನು. ಮೀನಿನೊಡನೆ ಕಾಂಟ್ರಸೀಕಮ್ ಎಂಬ ದುಂಡುಹುಳುವಿನ ಮರಿಯೂ ಒಳಗೆ ಬರುತ್ತದೆ. ಈ ಹುಳು ಬೀಡುಬಿಡುವುದು ಕರುಳಿನಲ್ಲಲ್ಲ, ಅದಕ್ಕಿಂತ ಮೇಲಿರುವ ರಸದ ಜಠರದಲ್ಲಿ. ಕೆಲವು ಹುಳುಗಳು ಜಠರದ ಗೋಡೆಗೆ ತಲೆ ತೂರಿಸಿ ಹುಣ್ಣು ಮಾಡುತ್ತವೆ, ಉಳಿದವು ಅರೆಬೆಂದ ಊಟದ ನಡುವೆಯೇ ಹೊರಳಾಡುತ್ತ ಅದರಲ್ಲಿ ಪಾಲು ತೆಗೆಯುತ್ತವೆ. ಕರುಳನ್ನು ಮುಟ್ಟುವುದಕ್ಕೆ ಮುಂಚೆಯೇ ಸುಂಕದ ಕಟ್ಟೆ!

ಮೊದಲಾದರೆ ಹುಳುಗಳನ್ನು ಎಣಿಸಲು ಹಕ್ಕಿಯನ್ನು ಕೊಲ್ಲಬೇಕಾಗಿತ್ತು. ಸತ್ತ ಹಕ್ಕಿಯ ಸಾಕ್ಷ್ಯ ಎಂಥದೆಂದು ಈಗಾಗಲೇ ನೋಡಿದೆವು. ಐಲ್ ಆಫ್ ಮೇ ದ್ವೀಪದ ಸಂಶೋಧಕರು ವೈದ್ಯರು ನಮ್ಮ ಹೊಟ್ಟೆಯನ್ನು ನೋಡುವ ಎಂಡೋಸ್ಕೋಪ್ ಕೊಳವೆಯನ್ನು ಹಕ್ಕಿಯ ಗಂಟಲಿನಿಂದ ಇಳಿಬಿಟ್ಟು, ಬದುಕಿರುವ ಹಕ್ಕಿಯ ಜಠರದಲ್ಲೇ ಹುಳುಗಳನ್ನು ಎಣಿಸುವ ವಿಧಾನವನ್ನು 2013ರಲ್ಲಿ ಪ್ರಕಟಿಸಿದರು. ಬೆಳೆದ ಹಕ್ಕಿಗಳಲ್ಲಿ ಹುಳುವಿಲ್ಲದ್ದು ಅಪರೂಪ. ವ್ಯತ್ಯಾಸವಿರುವುದು ಎಷ್ಟು ಎಂಬುದರಲ್ಲಿ ಮಾತ್ರ.

ಅದಕ್ಕೂ ಮೊದಲೇ, 2008ರಲ್ಲಿ, ಇದೇ ದ್ವೀಪದ ಒಂದು ಪ್ರಯೋಗದ ಫಲ ಹೊರಬಿದ್ದಿತ್ತು. ಹುಳುಗಳನ್ನು ಕೊಲ್ಲುವ ಐವರ್‌ಮೆಕ್ಟಿನ್ ಎಂಬ ಔಷಧಿಯನ್ನು ಸಾಕುವ ಹಕ್ಕಿಗಳಿಗೆ ಕೊಟ್ಟು, ಕೊಡದ ಹಕ್ಕಿಗಳೊಡನೆ ಹೋಲಿಸಲಾಯಿತು. (ಈ ಔಷಧಿಯ ಮೂಲವನ್ನು ಕಂಡುಹಿಡಿದ ಜಪಾನಿನ ಸತೋಷಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಕುರಿಗಳಿಗೂ ಇದನ್ನು ಕೊಡುವುದುಂಟು.) ಷ್ಯಾಗ್‌ಗಳಲ್ಲಿ ಗಂಡು ಹೆಣ್ಣಿಗಿಂತ ದೊಡ್ಡದು, ಗಂಡುಮರಿಯನ್ನು ಸಾಕಲು ಹೆಚ್ಚು ಮೀನು ಬೇಕು. ಹುಳುಗಳ ಹೊರೆಯು ತಾಯಿಗೆ ಗಂಡುಮರಿಗಳನ್ನು ಸಾಕಿ ಉಳಿಸುವ ಶಕ್ತಿಯನ್ನು ಕುಂದಿಸುತ್ತದೆ, ಋತು ಕಳೆಯುತ್ತ ಬಂದಂತೆ ಮರಿಗಳು ಹೆಚ್ಚು ಸಾಯುವುದಕ್ಕೆ ಇದೂ ಒಂದು ಕಾರಣ ಎಂದು ಅವರು ಕಂಡರು. ಹುಳು ಕುಳಿತದ್ದು ತಾಯಿಯ ಜಠರದಲ್ಲಿ. ಸತ್ತದ್ದು ಗೂಡಿನಲ್ಲಿದ್ದ ಮಗ. ತಾಯಿಯನ್ನು ನೋಡಿದರೆ ಅದು ಎಂದಿನಂತೆ ಹಾರುತ್ತಿದೆ, ಮುಳುಗುತ್ತಿದೆ!

ಎಂದಿನಂತೆಯೇ ಹಾರುತ್ತಿದೆಯೇ? 2018ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೂ ಅಳೆಯಿತು. ಚಲನೆಯನ್ನು ದಾಖಲಿಸುವ ಸಣ್ಣ ಯಂತ್ರಗಳನ್ನು ಹಕ್ಕಿಗಳಿಗೆ ಕಟ್ಟಿ, ಹಾರಲು, ಮುಳುಗಲು, ಸುಮ್ಮನೆ ಕೂರಲು ಎಷ್ಟೆಷ್ಟು ಶಕ್ತಿ ಖರ್ಚಾಗುತ್ತದೆಂದು ಲೆಕ್ಕ ಹಾಕಿದರು. ಹುಳುಗಳು ಹೆಚ್ಚಿದ್ದ ಹೆಣ್ಣುಹಕ್ಕಿಗಳಿಗೆ ಹಾರಾಟದ ಖರ್ಚು ಶೇಕಡ 10ರಷ್ಟು ಹೆಚ್ಚು. ಅವು ಹಾರಾಟದಲ್ಲಿ ಕಳೆಯುವ ವೇಳೆ ಮಾತ್ರ ಶೇಕಡ 44ರಷ್ಟು ಕಡಿಮೆ. ಆದರೆ ಇಡೀ ದಿನದ ಒಟ್ಟು ಖರ್ಚನ್ನು ಕೂಡಿ ನೋಡಿದರೆ, ಹುಳು ಹೆಚ್ಚಿದ್ದ ಹಕ್ಕಿಗೂ ಕಡಿಮೆಯಿದ್ದ ಹಕ್ಕಿಗೂ ವ್ಯತ್ಯಾಸವೇ ಕಾಣಲಿಲ್ಲ.

ಒಟ್ಟು ಮೊತ್ತವನ್ನಷ್ಟೇ ನೋಡುವ ಲೆಕ್ಕಿಗನು ಇಲ್ಲಿ ಏನೂ ನಷ್ಟವಿಲ್ಲವೆಂದು ಪುಸ್ತಕ ಮುಚ್ಚಿಬಿಡುತ್ತಾನೆ. ಆದರೆ ಬಡವನ ಮನೆಯ ಲೆಕ್ಕ ಹಾಗಲ್ಲ. ಸಾಲದ ಬಡ್ಡಿ ಏರಿದ ವರ್ಷ ನಮ್ಮ ಮನೆಯ ಒಟ್ಟು ಖರ್ಚು ಏರಲಿಲ್ಲ, ಏರಲು ಹಣವೆಲ್ಲಿತ್ತು? ಹಬ್ಬದ ಬಟ್ಟೆ ನಿಂತಿತು, ತಂಗಿಯ ಪುಸ್ತಕ ನಿಂತಿತು. ಷ್ಯಾಗ್ ತಾಯಿಯೂ ಇದನ್ನೇ ಮಾಡುತ್ತದೆ. ಗಳಿಕೆಗೆ ಒಂದು ಮಿತಿಯಿದೆ. ಸುಂಕ ಹೆಚ್ಚಿದಾಗ ಹಾರಾಟವನ್ನು ಕಡಿತಗೊಳಿಸುತ್ತದೆ. ಹಾರಾಟ ಕಡಿಮೆಯಾದರೆ ದೂರದ ಮೀನು ಕೈತಪ್ಪುವ, ಗೂಡಿಗೆ ಬರುವ ಊಟ ತಗ್ಗುವ ಸಂಭವವಿದೆ. ಹೊಟ್ಟೆಯೊಳಗಿನ ನಷ್ಟ ಹೀಗೆ ರೆಕ್ಕೆಗೆ ವರ್ಗವಾಗಿ, ರೆಕ್ಕೆಯಿಂದ ಗೂಡಿಗೆ ಇಳಿಯುತ್ತದೆ. ಮೀನು ಸಮೃದ್ಧವಾಗಿರುವಾಗ ಇದು ಕಣ್ಣಿಗೆ ಬೀಳದೆ ಹೋಗಬಹುದು. ಋತುವಿನ ಕೊನೆಯಲ್ಲಿ ಹುಟ್ಟಿದ, ಹೆಚ್ಚು ಉಣ್ಣಬೇಕಾದ ಮರಿಗೆ ಮಾತ್ರ ಇದು ಸಾವುಬದುಕಿನ ಮಾತು. "ಮೇವು ತೀರಿದ ತಿಂಗಳು" ಎಂದು ನಮ್ಮ ತಂದೆಯವರು ಹೇಳಿದ್ದು ಇದನ್ನೇ ಅಲ್ಲವೇ?

ಹಾಗಾದರೆ ಹಕ್ಕಿಗಳಿಗೆಲ್ಲ ಔಷಧಿ ಕೊಟ್ಟುಬಿಡಬಾರದೇಕೆ ಎಂದು ಯಾರಾದರೂ ಕೇಳಿಯಾರು. ಐವರ್‌ಮೆಕ್ಟಿನ್ನಿನ ಪ್ರಭಾವ ಕೆಲಕಾಲದ್ದು. ಹುಳುವಿನ ಮರಿ ಇರುವುದು ಕಡಲಿನ ಮೀನಿನಲ್ಲಿ. ಹಕ್ಕಿ ಬದುಕಬೇಕಾದರೆ ಮತ್ತೆ ಆ ಮೀನನ್ನೇ ನುಂಗಬೇಕು. ಗೂಡಿನಲ್ಲಿ ಕಾದಿರುವ ಮರಿ ತಾಯಿಯ ತೆರೆದ ಗಂಟಲೊಳಗೆ ತಲೆಯಿಟ್ಟು, ತಾಯಿ ಕಕ್ಕಿಕೊಡುವ ಅರೆಬೆಂದ ಮೀನನ್ನು ಉಣ್ಣುತ್ತದೆ. ಆ ತುತ್ತಿನೊಡನೆಯೇ ಹುಳುಗಳೂ ಅದರ ಹೊಟ್ಟೆಗೆ ಇಳಿಯುತ್ತವೆ.